ನೂರಡಿಯಲ್ಲಿ ಧೀಂಗಿಣ ಬೇಡ

ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯಿಂದ ಕೊಲ್ಲಿಗೆ ಹೋದ ಹುಡುಗರಲ್ಲಿ ಕೆಲವರಿಗೆ ಈಗ ಸ್ಕೈಡೈವಿಂಗಿನ ಹುಚ್ಚು ಹಿಡಿದಿದೆ. ಹಿಡಿಯಲಿ, ಅವರ ದುಡ್ಡು. ದುಬೈಯ ಪಾಮ್ ಜುಮೇರಾದ ಮೇಲೆ ಹಾರಿದ ವಿಡಿಯೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಅಜ್ಜಿಗೆ ಮಂಡೆಬೆಚ್ಚ: ಪ್ಯಾರಾಚೂಟ್ ಬಿಚ್ಚದಿದ್ದರೆ? ಕಲಿಸುವವರ ಮಂಡೆಬೆಚ್ಚ ಬೇರೆ. ಪ್ಯಾರಾಚೂಟ್ ಸರಿಯಾಗಿಯೇ ಬಿಚ್ಚಿ, ಒಂದು ದಾರವೂ ಸಿಕ್ಕಾಗದೆ, ಆರಾಮವಾಗಿ ಕೆಳಗೆ ಬಂದವನು ಕೊನೆಯ ನೂರಡಿಯಲ್ಲಿ ಕಾಲು ಮುರಿದುಕೊಳ್ಳುತ್ತಾನೆ, ಕೆಲವೊಮ್ಮೆ ಪ್ರಾಣವನ್ನೇ ಬಿಡುತ್ತಾನೆ. ಈ ಕ್ರೀಡೆಯಲ್ಲಿ ಇಂಥ ಸಾವುಗಳ ಪಾಲು ಸಣ್ಣದಲ್ಲ.

ಕಾರಣ ಕೇಳಿದರೆ ಉತ್ತರ ಬಹಳ ಸಲ ಒಂದೇ: ‘ಗಾಳಿ ಬೆನ್ನಿಗಿತ್ತು, ಎದುರಾಗೋಣ ಅಂತ ತಿರುಗಿಸಿದೆ.’

ತಪ್ಪಿನಲ್ಲಿ ಕಲಿಸುವ ನಮ್ಮ ಪಾಲೂ ಉಂಟು. ಮೊದಲ ದಿನವೇ ‘ಗಾಳಿಗೆ ಮುಖ ಮಾಡಿ ಇಳಿಯಬೇಕು’ ಎಂದು ಹತ್ತು ಸಲ ಹೇಳುತ್ತೇವೆ. ವಿದ್ಯಾರ್ಥಿ ಅದನ್ನು ಶಾಸ್ತ್ರವಾಗಿ ಹಿಡಿದುಕೊಳ್ಳುತ್ತಾನೆ. ನೂರಡಿಯಲ್ಲಿ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ತಿರುಗಿದ್ದು ಕಂಡರೆ ಸಾಕು, ಕೈ ತಾನಾಗಿ ಒಂದು ಟಾಗಲನ್ನು, ಅಂದರೆ ಪ್ಯಾರಾಚೂಟ್ ತಿರುಗಿಸುವ ಹಿಡಿಯನ್ನು, ಸೊಂಟದವರೆಗೆ ಎಳೆಯುತ್ತದೆ. ಗಾಳಿಗೆ ಎದುರಾಗುವುದು ಒಳ್ಳೆಯದು, ನೆಲದ ಮೇಲಿನ ವೇಗ ಕಡಿಮೆಯಾಗುತ್ತದೆ, ಅಷ್ಟೆ. ರೆಕ್ಕೆ, ಅಂದರೆ ತಲೆಯ ಮೇಲಿನ ಪ್ಯಾರಾಚೂಟ್, ಸಮತಟ್ಟಾಗಿರುವುದು ಮಾತ್ರ ಬಿಡಲಾಗದ್ದು. ಈ ಎರಡರ ತೂಕ ಒಂದೇ ಅಲ್ಲ ಎಂಬುದನ್ನು ಎಷ್ಟು ಹೇಳಿದರೂ ಸಾಲುತ್ತಿಲ್ಲ. ಆದ್ದರಿಂದ ಇಲ್ಲಿ ಇನ್ನೊಮ್ಮೆ, ಸ್ವಲ್ಪ ಉದ್ದಕ್ಕೇ.

ಮಳೆಗಾಲದ ಚಂದ್ರಗಿರಿ ಹೊಳೆಯಲ್ಲಿ ದೋಣಿ ನೆನೆಸಿಕೊಳ್ಳಿ. ಹುಟ್ಟು ಹಾಕುವವನಿಗೆ ನೀರಿನ ಮೇಲೆ ದೋಣಿಯ ವೇಗ ಮೇಲ್ಮುಖವಾಗಿಯೂ ಒಂದೇ, ಕೆಳಮುಖವಾಗಿಯೂ ಒಂದೇ. ವ್ಯತ್ಯಾಸ ಕಾಣುವುದು ದಡ ನೋಡಿದಾಗ ಮಾತ್ರ. ಪ್ಯಾರಾಚೂಟೂ ಹಾಗೆಯೇ, ಗಾಳಿಯ ಹೊಳೆಯೊಳಗಿನ ದೋಣಿ. ಸಾಧಾರಣ ಪ್ಯಾರಾಚೂಟ್ ಗಾಳಿಯಲ್ಲಿ ಗಂಟೆಗೆ 35 ಕಿ.ಮೀ. ಮುಂದೆ ಹೋಗುತ್ತಾ ಸೆಕೆಂಡಿಗೆ ಸುಮಾರು 5 ಮೀಟರ್ ಇಳಿಯುತ್ತದೆ ಎನ್ನೋಣ. 15 ಕಿ.ಮೀ. ಗಾಳಿಗೆ ಎದುರಾದರೆ ನೆಲದ ಮೇಲೆ 20, ಬೆನ್ನಿಗೆ ಹಾಕಿಕೊಂಡರೆ 50. ಆದರೆ ಇಳಿಯುವ 5 ಮೀಟರ್ ಎರಡರಲ್ಲೂ ಅದೇ. ಸರಿಯಾಗಿ ಫ್ಲೇರ್ ಮಾಡಿದರೆ, ಅಂದರೆ ನೆಲ ಮುಟ್ಟುವ ಮುನ್ನ ಎರಡೂ ಟಾಗಲ್ ಒಟ್ಟಿಗೆ ಎಳೆದರೆ, ಅದೂ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಬೆನ್ನಗಾಳಿಯಲ್ಲಿ ಇಳಿದವನು ಹುಲ್ಲಿನ ಮೇಲೆ ಜಾರುತ್ತಾನೆ, ಉರುಳುತ್ತಾನೆ, ಮೊಣಕೈ ತರಚಿಕೊಳ್ಳುತ್ತಾನೆ. ಮುರಕಲ್ಲಿನ ಪಾದೆಯಾದರೆ ಚರ್ಮ ಹೋಗುತ್ತದೆ. ಚರ್ಮ ಮತ್ತೆ ಬರುತ್ತದೆ.

ಈಗ ತಿರುವು. ಟಾಗಲ್ ಎಳೆದೊಡನೆ ಆ ಬದಿಯ ರೆಕ್ಕೆ ಹಿಂದುಳಿಯುತ್ತದೆ, ಪ್ಯಾರಾಚೂಟ್ ವಾಲುತ್ತದೆ, ದಾರದ ತುದಿಯ ದೇಹ ಲೋಲಕದಂತೆ ಹೊರಕ್ಕೆ ಬೀಸುತ್ತದೆ. ವಾಲಿದ ರೆಕ್ಕೆಯ ಎತ್ತುವ ಬಲ ಮೇಲಕ್ಕಿರದೆ ಓರೆಯಾಗುತ್ತದೆ, ಮೂತಿ ನೆಲ ನೋಡುತ್ತದೆ. ಯಕ್ಷಗಾನದಲ್ಲಿ ಗಿರಗಿರನೆ ತಿರುಗಿ ಧೀಂಗಿಣ ಹಾಕುವವನ ಕಾಲಡಿ ರಂಗಸ್ಥಳ ಉಂಟು. ಇಲ್ಲಿ ನೀವು ತಿರುಗುವಷ್ಟು ಹೊತ್ತೂ ರಂಗಸ್ಥಳವೇ ಮೇಲೇರಿ ಬರುತ್ತಿರುತ್ತದೆ. ಟಾಗಲ್ ಬಿಟ್ಟರೂ ನೆಲದತ್ತ ಧುಮುಕುವ ಈ ಡೈವ್ ನಿಲ್ಲುವುದಿಲ್ಲ, ದೇಹ ಮತ್ತೆ ರೆಕ್ಕೆಯ ಕೆಳಗೆ ಬಂದು ಸೇರುವವರೆಗೆ ಅದು ಮುಂದುವರಿಯುತ್ತದೆ. ಮರೆತುಹೋಗುವುದು ಈ ಎರಡನೆಯ ಭಾಗವೇ. ‘ತಿರುವು ಮುಗಿದಿತ್ತಲ್ಲ ಸರ್’ ಎನ್ನುತ್ತಾರೆ. ತಿರುವು ಮುಗಿದಿತ್ತು, ಡೈವ್ ಮುಗಿದಿರಲಿಲ್ಲ. ಮಧ್ಯಮ ಗಾತ್ರದ, ತುಸು ಚುರುಕಾದ ಪ್ಯಾರಾಚೂಟಿನಲ್ಲಿ ಜೋರಾದ 180 ಡಿಗ್ರಿ ಟಾಗಲ್ ತಿರುವು ಮತ್ತು ನೇರವಾಗುವಿಕೆ ಸೇರಿ 200ರಿಂದ 300 ಅಡಿ ನುಂಗುವುದುಂಟು. ನಿಮ್ಮದು ಎಷ್ಟು ನುಂಗುತ್ತದೆ ಎಂದು ನೀವೇ ಅಳೆಯಬೇಕು, ನನ್ನ ಅಂಕಿಯನ್ನು ನಂಬಬೇಡಿ.

ಸೆಕೆಂಡಿಗೆ 5 ಮೀಟರ್ ಇಳಿಯುತ್ತಾ ನೆಲ ಮುಟ್ಟಿದರೆ 1.3 ಮೀಟರ್ ಎತ್ತರದ ಕಟ್ಟೆಯಿಂದ ಹಾರಿದಂತೆ. 10 ಮೀಟರ್ ಆದರೆ 5 ಮೀಟರ್ ಎತ್ತರದಿಂದ. 15 ಆದರೆ 11 ಮೀಟರಿಗೂ ಮೇಲಿನಿಂದ, ಅಂದರೆ ಒಳ್ಳೆಯ ಫಸಲಿನ ಅಡಿಕೆ ಮರದ ತುದಿಯಿಂದ. ವೇಗ ಮೂರು ಪಟ್ಟು, ಪೆಟ್ಟು ಒಂಬತ್ತು ಪಟ್ಟು. ಮರ ಹತ್ತುವವರ ಮಕ್ಕಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಸ್ಕೈಡೈವಿಂಗ್ ಸಂಘ ಯುಎಸ್‌ಪಿಎ ಇಳಿಯುವಾಗಿನ ಆದ್ಯತೆಗಳಿಗೆ ಒಂದು ಕ್ರಮ ಇಟ್ಟಿದೆ. ಮೊದಲು ರೆಕ್ಕೆ ಸಮತಟ್ಟು. ಆಮೇಲೆ ಅಡೆತಡೆ ಇಲ್ಲದ ಬಯಲು. ಆಮೇಲೆ ಕಡೇ ಪಕ್ಷ ಅರ್ಧ ಬ್ರೇಕಿನಷ್ಟಾದರೂ (ಟಾಗಲ್ ಅರ್ಧ ಎಳೆದಷ್ಟು) ಫ್ಲೇರ್, ಕಾಲು ಜೋಡಿಸಿ ಉರುಳಲು ಸಿದ್ಧವಾಗಿರುವುದು. ಗಾಳಿಯ ದಿಕ್ಕು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

‘ಎದುರಿಗೆ ತಂತಿ ಇದ್ದರೆ? ಗೋಡೆ ಇದ್ದರೆ?’ ಆಗ ತಿರುಗಲೇಬೇಕು, ಆದರೆ ಬ್ರೇಕಿನಲ್ಲಿದ್ದುಕೊಂಡು. ಎರಡೂ ಟಾಗಲ್ ಎದೆಯ ಮಟ್ಟಕ್ಕೆ ತನ್ನಿ. ನಂತರ ಹೋಗಬೇಕಾದ ಬದಿಯದನ್ನು ತುಸು ಕೆಳಗೆ, ಇನ್ನೊಂದನ್ನು ತುಸು ಮೇಲೆ. ಪ್ಯಾರಾಚೂಟ್ ಹೆಚ್ಚು ವಾಲದೆ, ಎತ್ತರ ಹೆಚ್ಚು ಕಳೆಯದೆ, ಹೊರಳಿದಂತೆ ತಿರುಗುತ್ತದೆ. 20–30 ಡಿಗ್ರಿ ಹೊರಳಿದರೆ ಸಾಮಾನ್ಯವಾಗಿ ಗೋಡೆ ತಪ್ಪುತ್ತದೆ, ಪೂರ್ತಿ ತಿರುಗುವ ಅಗತ್ಯವೇ ಇರುವುದಿಲ್ಲ. ಆಮೇಲೆ ಟಾಗಲ್ ಪೂರ್ತಿ ಮೇಲೆ ಬಿಡಬೇಡಿ, ಬಿಟ್ಟರೆ ಪ್ಯಾರಾಚೂಟ್ ಮುಂದಕ್ಕೆ ಮುಗ್ಗರಿಸುತ್ತದೆ. ಇದ್ದಲ್ಲಿಂದಲೇ ಉಳಿದ ಫ್ಲೇರ್ ಮುಗಿಸಿ.

ಇದು ಓದಿ ಬರುವ ವಿದ್ಯೆಯಲ್ಲ. 5,000 ಅಡಿಯಲ್ಲಿ ಹಾರಿ ಕೂಡಲೇ ಬಿಚ್ಚಿಕೊಳ್ಳಿ, ಸುತ್ತಮುತ್ತ ಯಾರಿಲ್ಲ ಎಂದು ನೋಡಿ. ಪೂರ್ಣ ವೇಗದಿಂದ ಒಂದು 90 ಡಿಗ್ರಿ ಟಾಗಲ್ ತಿರುವು ಹಾಕಿ. ಶುರುವಿನ ಎತ್ತರ, ಮತ್ತೆ ನೇರವಾದಾಗಿನ ಎತ್ತರ, ಎರಡನ್ನೂ ಡಿಜಿಟಲ್ ಆಲ್ಟಿಮೀಟರಿನಲ್ಲಿ ಓದಿ. ಅರ್ಧ ಬ್ರೇಕಿಗೆ ಬಂದು ನಾಲ್ಕು ಸೆಕೆಂಡ್ ಸುಮ್ಮನಿದ್ದು, ಅದೇ 90 ಡಿಗ್ರಿಯನ್ನು ಹೊರಳಿಸಿ ಮಾಡಿ, ಮತ್ತೆ ಓದಿ. ಎರಡು ಅಂಕಿಗಳ ಅಂತರ ನೋಡಿದ ಮೇಲೆ ಬೇರೆ ಉಪದೇಶ ಬೇಕಾಗುವುದಿಲ್ಲ. 2,000 ಅಡಿಗೆ ಅಭ್ಯಾಸ ನಿಲ್ಲಿಸಿ ಇಳಿದಾಣದ ಕಡೆ ಮುಖ ಮಾಡಿ.

ನೂರಡಿಯ ಗಾಬರಿಯ ಬೇರು ಸಾಮಾನ್ಯವಾಗಿ ಸಾವಿರ ಅಡಿಯಲ್ಲಿರುತ್ತದೆ. 1,000 ಅಡಿಗೆ ಬೆನ್ನಗಾಳಿಯ ಸಾಲು, 600ಕ್ಕೆ ಗಾಳಿಗೆ ಅಡ್ಡ, 300ಕ್ಕೆ ಗಾಳಿಗೆ ಎದುರಾಗಿ ಕೊನೆಯ ನೇರ ಎಂಬ ಪಾಠ ಎಲ್ಲರಿಗೂ ಬಾಯಿಪಾಠ. ಆದರೆ ಗಾಳಿಚೀಲ ನೋಡುವುದು 200 ಅಡಿಯಲ್ಲಿ! ಗಾಳಿ ಮಂದವಾಗಿ ದಿಕ್ಕು ಬದಲಿಸುತ್ತಿರುವ ದಿನ ಅನೇಕ ಕಡೆ ಮೊದಲು ಇಳಿದವನ ದಿಕ್ಕೇ ಎಲ್ಲರ ದಿಕ್ಕು, ಗಾಳಿಚೀಲ ಏನೇ ಹೇಳಲಿ. ಎಲ್ಲರೂ ಒಂದೇ ಕಡೆಗೆ ಸ್ವಲ್ಪ ಬೆನ್ನಗಾಳಿಯಲ್ಲಿ ಜಾರಿದರೆ ನಗೆಯಾಡಬಹುದು. ಇಬ್ಬರು ಎದುರುಬದುರಾದರೆ ನಗಲು ಯಾರೂ ಉಳಿಯದಿರಬಹುದು.

ಇನ್ನು ಸಣ್ಣ ಪ್ಯಾರಾಚೂಟಿನ ಆಸೆ. ರೆಕ್ಕೆಯ ಮೇಲಿನ ಹೊರೆಯ ಲೆಕ್ಕ ಸುಲಭ: ಸಾಮಾನು ಸಮೇತ ತೂಕವನ್ನು ಪೌಂಡಿನಲ್ಲಿ ತೆಗೆದು ಪ್ಯಾರಾಚೂಟಿನ ಚದರಡಿಯಿಂದ ಭಾಗಿಸಿ. ಒಟ್ಟು 100 ಕೆ.ಜಿ.ಯವನಿಗೆ 170 ಚದರಡಿ ಕೊಟ್ಟರೆ 1.3. ಒಟ್ಟು 62 ಕೆ.ಜಿ.ಯವಳಿಗೆ 107 ಕೊಟ್ಟರೂ ಹೆಚ್ಚುಕಡಿಮೆ 1.3. ‘ಒಂದೇ ಅಲ್ವಾ?’ ಒಂದೇ ಅಲ್ಲ. 107ರ ದಾರಗಳು ಗಿಡ್ಡ, ಲೋಲಕ ಗಿಡ್ಡ, ಆದ್ದರಿಂದ ತಿರುಗುವುದೂ ಡೈವ್ ಮಾಡುವುದೂ ಬಹಳ ಚುರುಕು. ಮೈ ಹಗುರವಾದವರು ಅಂಕಿ ನೋಡಿ ಮೋಸಹೋಗುವುದು ಇಲ್ಲೇ. ನೂರು ಜಿಗಿತದೊಳಗೆ 1.0, ಆಮೇಲೆ ಪ್ರತಿ ನೂರಕ್ಕೆ 0.1 ಎಂಬ ಒಂದು ಹಳೆಯ ಲೆಕ್ಕ ಚಾಲ್ತಿಯಲ್ಲಿದೆ. ಅದು ದಾಟಬಾರದ ಗೆರೆ, ಮುಟ್ಟಲೇಬೇಕಾದ ಗುರಿಯಲ್ಲ. ಹಗುರ ಮೈಯವರು ಅದಕ್ಕಿಂತಲೂ ಕೆಳಗಿರಬೇಕು. ಈಗಿನ ಪ್ಯಾರಾಚೂಟಿನಲ್ಲಿ ಬೆನ್ನಗಾಳಿ, ಅಡ್ಡಗಾಳಿ, ಅರ್ಧ ಬ್ರೇಕಿನ ಹೊರಳು, ಹಿಂದಿನ ರೈಸರಿನ (ದಾರಗಳನ್ನು ಹೆಗಲಿಗೆ ಸೇರಿಸುವ ಪಟ್ಟಿ) ಫ್ಲೇರ್ ಎಲ್ಲವನ್ನೂ ಮಾಡಿ ನಿಂತು ಇಳಿಯಲು ಬಾರದವನಿಗೆ ಇನ್ನೊಂದು ಗಾತ್ರ ಕೆಳಗಿನದು ಯಾಕೆ? ಮಾರುವವನು ಕೇಳುವುದಿಲ್ಲ, ನಾವಾದರೂ ಕೇಳಬೇಕಲ್ಲ.

ಸ್ವೂಪ್ ಮಾಡುವವರ, ಅಂದರೆ ಬೇಕೆಂದೇ ಡೈವ್ ಮಾಡಿ ಆ ವೇಗದಲ್ಲಿ ನೆಲದ ಮೇಲೆ ತೇಲುವವರ, ತಿರುವೂ ತಿರುವೇ, ಆದರೆ ಮೊದಲೇ ಅಳೆದದ್ದು. ಮುಂದಿನ ರೈಸರ್ ಹಿಡಿದು, ಟಾಗಲ್ ಕೈಯಲ್ಲೇ ಉಳಿಸಿಕೊಂಡು, ಗೊತ್ತಾದ ಎತ್ತರದಲ್ಲಿ ಗೊತ್ತಾದ ಜಾಗದ ಮೇಲೆ ಶುರು. ಡೈವಿನಿಂದ ತಾನಾಗಿ ನೇರಕ್ಕೆ ಬರಲು ಪ್ಯಾರಾಚೂಟ್ ತೆಗೆದುಕೊಳ್ಳುವ ಎತ್ತರ ಮೊದಲೇ ಬಾಯಿಪಾಠವಾಗಿರಬೇಕು. ಮೊದಲು ನೇರ ಹಾದಿಯಲ್ಲಿ ಎರಡೂ ಮುಂದಿನ ರೈಸರ್, ಹತ್ತಾರು ಜಿಗಿತದ ಮೇಲೆ 90 ಡಿಗ್ರಿ. 270ರ ಮಾತು ನೂರಾರು ಜಿಗಿತದಾಚೆ, ಅದೂ ತರಬೇತುದಾರ ಕೆಳಗೆ ನಿಂತು ವಿಡಿಯೊ ತೆಗೆಯುತ್ತಿದ್ದರೆ. ತಡವಾಯಿತು, ನೆಲ ಹತ್ತಿರವಾಯಿತು ಎನಿಸಿದ ಕ್ಷಣವೇ ತಿರುವು ಬಿಟ್ಟು ರೆಕ್ಕೆ ಸಮ ಮಾಡಿ, ಎರಡೂ ಟಾಗಲ್ ಒಟ್ಟಿಗೆ ಹಾಕಿ. ಹಿಂದಿನ ರೈಸರನ್ನು ಗಾಬರಿಯಲ್ಲಿ ಜಗ್ಗಿದರೆ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಇನ್ನೂ ಕೆಡುತ್ತದೆ. ಇಂದು ಮೂಲೆಗೆ ಸಿಕ್ಕಿ ಹೇಗೋ ಎದ್ದು ಬಂದವನು ನಾಳೆ 50 ಅಡಿ ಮೇಲಿನಿಂದ ಶುರು ಮಾಡಬೇಕು. ಆದರೆ ಅವನು ಮಾಡುವುದು ವಿಡಿಯೊ ಹಂಚುವುದು.

ಕೊಲ್ಲಿಯಲ್ಲಿ ಹಾರುವವರಿಗೆ ಇನ್ನೊಂದು ಮಾತು. ಸಮುದ್ರ ಮಟ್ಟದಲ್ಲೇ 42 ಡಿಗ್ರಿ ಸೆಕೆ ಇದ್ದರೆ ಗಾಳಿ ಸುಮಾರು 3,200 ಅಡಿ ಎತ್ತರದ ಗಾಳಿಯಷ್ಟು ತೆಳು. ಆಲ್ಟಿಮೀಟರ್ ಇದನ್ನು ಹೇಳುವುದಿಲ್ಲ. ಪ್ಯಾರಾಚೂಟ್ ಸುಮಾರು ನೂರಕ್ಕೆ 5ರಷ್ಟು ಹೆಚ್ಚು ವೇಗದಲ್ಲಿ ಹೋಗುತ್ತದೆ, ಡೈವ್ ಉದ್ದವಾಗುತ್ತದೆ. ಜನವರಿಯ ಬೆಳಗ್ಗೆ ಅಳೆದ ಎತ್ತರ ಮೇ ತಿಂಗಳ ಮಧ್ಯಾಹ್ನಕ್ಕೆ ಸಾಲದು.

ರಜೆಗೆ ಬಂದವರು ‘ಊರಿನ ಮೈದಾನದಲ್ಲಿ ಒಮ್ಮೆ ಇಳಿದು ತೋರಿಸೋಣ’ ಎನ್ನುವುದೂ ಉಂಟು. ಅನುಮತಿಯ ಮಾತು ಆಮೇಲೆ, ಮೊದಲು ತೆಂಗಿನ ಮರ ಎಣಿಸಿ. ತಡೆಯ ಎತ್ತರದ ಹತ್ತರಿಂದ ಇಪ್ಪತ್ತು ಪಟ್ಟು ದೂರದವರೆಗೆ ಗಾಳಿ ಸುಳಿಯಬಹುದು. ಮಧ್ಯಾಹ್ನದ ಕಡಲಗಾಳಿ ಪಡುವಣದಿಂದ ಬಂದು 20 ಮೀಟರಿನ ತೆಂಗಿನ ಸಾಲು ದಾಟಿದರೆ 200ರಿಂದ 400 ಮೀಟರ್ ಸುಳಿ. ನಮ್ಮ ಶಾಲಾ ಮೈದಾನ ನೂರು ಮೀಟರ್ ಇದ್ದರೆ ಹೆಚ್ಚು, ಪೂರ್ತಿ ಅದರೊಳಗೇ ಬಿತ್ತು.

ಸಲಕರಣೆಯಲ್ಲಿ ಎರಡು ವಿಷಯ. ಸೈಪ್ರೆಸ್‌ನಂಥ ಸ್ವಯಂಚಾಲಿತ ಸಾಧನದ ವಿದ್ಯಾರ್ಥಿ ಮಾದರಿ ನೆಲ ಹತ್ತಿರವಾದಾಗ ಸೆಕೆಂಡಿಗೆ 13 ಮೀಟರ್ ವೇಗಕ್ಕೇ ರಿಸರ್ವ್ (ತುರ್ತಿನ ಎರಡನೆಯ ಪ್ಯಾರಾಚೂಟ್) ಬಿಚ್ಚುತ್ತದೆ, ಎಕ್ಸ್‌ಪರ್ಟ್ ಮಾದರಿ 35ಕ್ಕೆ. ಬಾಡಿಗೆ ರಿಗ್‌ನಲ್ಲಿ ಯಾವುದಿದೆ ಎಂದು ನೋಡದೆ ಆ ಎತ್ತರದಲ್ಲಿ ಜೋರು ಸುರುಳಿ ಹಾಕಿದರೆ ತಲೆಯ ಮೇಲೆ ಎರಡು ಪ್ಯಾರಾಚೂಟ್. ಎರಡನೆಯ ವಿಷಯ ಟಾಗಲಿಗೆ ಕಟ್ಟಿದ ಸ್ಟೀರಿಂಗ್ ದಾರ. ಸ್ಪೆಕ್ಟ್ರಾ ಎಂಬ ಬಗೆಯ ದಾರ, ಪ್ಯಾರಾಚೂಟ್ ಬಿಚ್ಚುವಾಗ ದಾರಗಳ ಮೇಲೆ ಜಾರಿ ಇಳಿಯುವ ಬಟ್ಟೆಯಾದ ಸ್ಲೈಡರಿನ ಉಜ್ಜುಶಾಖಕ್ಕೆ ಕುಗ್ಗುತ್ತದೆ, ಹೊರಬದಿಯವೂ ಸ್ಟೀರಿಂಗಿನವೂ ಹೆಚ್ಚು. ಟಾಗಲ್ ಪೂರ್ತಿ ಮೇಲಿದ್ದಾಗ ಆ ದಾರ ಹಿಂದಕ್ಕೆ ಬಿಲ್ಲಿನಂತೆ ಬಾಗಿರಬೇಕು. ನೆಟ್ಟಗೆ ಬಿಗಿದು ಬಾಲ ತಗ್ಗಿಸಿದ್ದರೆ, ಮುಂದಿನ ರೈಸರ್ ಎಳೆದಾಗ ಪ್ಯಾರಾಚೂಟ್ ಕುದುರೆಯಂತೆ ಕುಪ್ಪಳಿಸಿದರೆ, ಪ್ಯಾರಾಚೂಟ್ ದುರಸ್ತಿ ಮಾಡುವ ರಿಗ್ಗರ್ ಹತ್ತಿರ ಸ್ವಲ್ಪ ಸ್ವಲ್ಪವೇ ಉದ್ದ ಮಾಡಿಸಿ. ಉದ್ದ ಮಾಡಿಸಿದ ಮೇಲೆ ಫ್ಲೇರ್ ಹಿಡಿಯುವ ಬಿಂದು ಕೆಳಗಿಳಿದಿರುತ್ತದೆ. ಕೈ ಅಲ್ಲಿಯವರೆಗೆ ಸಾಲುತ್ತದೆಯೇ ಎಂದು 3,000 ಅಡಿಯ ಮೇಲೆಯೇ ನಾಲ್ಕು ಸಲ ಎಳೆದು ನೋಡಿಕೊಂಡು ಕೆಳಗೆ ಬನ್ನಿ.