ಎಂಜಿನ್ ನಿಂತ ಮೇಲೆ ಕೈಯಲ್ಲಿ ಉಳಿಯುವ ಎತ್ತರ

ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಹಾರಾಟ ಕಲಿಯಲು ಬರುವವರೂ ಅವರನ್ನು ಕಳಿಸಿಕೊಡುವ ಹೆತ್ತವರೂ ತಪ್ಪದೆ ಕೇಳುವ ಪ್ರಶ್ನೆ, ಎಂಜಿನ್ ನಿಂತುಹೋದರೆ ಗತಿಯೇನು ಎಂಬುದು. ವಿಮಾನ ನೆಟ್ಟಗೆ ಕೆಳಕ್ಕೆ ಬೀಳುವುದಿಲ್ಲ. ಅದನ್ನು ಎತ್ತಿ ಹಿಡಿದಿರುವುದು ರೆಕ್ಕೆ. ರೆಕ್ಕೆಯ ಮೇಲೆ ಸಾಕಷ್ಟು ವೇಗದಲ್ಲಿ ಗಾಳಿ ಹರಿಯುತ್ತಿರುವವರೆಗೂ ರೆಕ್ಕೆ ತನ್ನ ಕೆಲಸ ಬಿಡುವುದಿಲ್ಲ. ಎಂಜಿನ್ ಒದಗಿಸುತ್ತಿದ್ದ ವೇಗವನ್ನು ಇನ್ನು ಮುಂದೆ ಎತ್ತರದಿಂದ ಪಡೆಯಬೇಕು, ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸಾಗುವ ಸೈಕಲ್ಲಿನ ಹಾಗೆ.

ತರಬೇತಿಗೆ ಬಹುವಾಗಿ ಬಳಕೆಯಲ್ಲಿರುವ ಸೆಸ್ನಾ 172 ಎಸ್ ವಿಮಾನದ ಕೈಪಿಡಿ, ಪೂರ್ಣ ತೂಕದಲ್ಲಿ ಗ್ಲೈಡ್ ಮಾಡಲು, ಅಂದರೆ ಎಂಜಿನ್ನಿನ ಬಲವಿಲ್ಲದೆ ತೇಲುತ್ತಾ ಇಳಿಯಲು, 68 ನಾಟ್ (ಗಂಟೆಗೆ ಸುಮಾರು 126 ಕಿಲೋಮೀಟರ್) ವೇಗವನ್ನು ಸೂಚಿಸುತ್ತದೆ. ಗಾಳಿ ಬೀಸದ ಹೊತ್ತಿನಲ್ಲಿ ಈ ವೇಗವನ್ನು ಕಾಯ್ದುಕೊಂಡರೆ, 1,000 ಅಡಿ ಇಳಿಯುವಷ್ಟರಲ್ಲಿ ವಿಮಾನ ಸುಮಾರು 2.7 ಕಿಲೋಮೀಟರ್ ಮುಂದೆ ಸಾಗಿರುತ್ತದೆ. ಇಳಿತ ನಿಮಿಷಕ್ಕೆ 700ರಿಂದ 800 ಅಡಿ. ಬೆಂಗಳೂರಿನ ಜಕ್ಕೂರಿನಿಂದ ಹಾರುವವರು ಇಲ್ಲಿ ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಅಲ್ಲಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಸಮುದ್ರಮಟ್ಟದಿಂದ ಎತ್ತರ ಅಳೆಯುವ ಆಲ್ಟಿಮೀಟರ್ 5,000 ಅಡಿ ತೋರಿಸುತ್ತಿದ್ದರೂ ಕೈಯಲ್ಲಿರುವುದು 2,000 ಅಡಿ ಮಾತ್ರ; ಅಂದರೆ ಎರಡೂವರೆ ನಿಮಿಷ, ನೇರವಾಗಿ ಹೋದರೆ ಐದು ಕಿಲೋಮೀಟರಿಗೆ ತುಸು ಹೆಚ್ಚು. ಪ್ರತಿ ತಿರುವಿಗೂ ಅದರಲ್ಲಿ ಒಂದಷ್ಟು ಖರ್ಚಾಗುತ್ತದೆ.

ನನ್ನ ಅನುಭವದಲ್ಲಿ ಕಲಿಸಲು ಅತಿ ಕಷ್ಟವಾದದ್ದು ಗ್ಲೈಡ್ ಅಲ್ಲ, ಕೈಯನ್ನು ತಡೆಯುವುದು. ಇಳಿಯಲು ಆರಿಸಿಕೊಂಡ ಹೊಲ ಇನ್ನೇನು ಸ್ವಲ್ಪದರಲ್ಲೇ ತಪ್ಪಿಹೋಗುತ್ತದೆ ಎನಿಸಿದಾಗ, ವಿದ್ಯಾರ್ಥಿ ತನಗೇ ಅರಿವಿಲ್ಲದೆ ಯೋಕನ್ನು, ಅಂದರೆ ವಿಮಾನದ ಚುಕ್ಕಾಣಿಯನ್ನು, ಹಿಂದಕ್ಕೆ ಎಳೆಯುತ್ತಾನೆ. ಮೂತಿ ಮೇಲೇಳುತ್ತದೆ, ಕ್ಷಣಕಾಲ ಇಳಿತ ಕಡಿಮೆಯಾದಂತೆ ಕಾಣುತ್ತದೆ, ಆಮೇಲೆ ವೇಗ ಕುಸಿಯುತ್ತದೆ. ವೇಗ ಕುಸಿದಷ್ಟೂ ಅದೇ ಭಾರವನ್ನು ಹೊರಲು ರೆಕ್ಕೆ ಹೆಚ್ಚು ಕೋನದಲ್ಲಿ ಗಾಳಿಯನ್ನು ಎದುರಿಸಬೇಕಾಗುತ್ತದೆ, ಅದರಿಂದ ವಿಮಾನವನ್ನು ಹಿಂದಕ್ಕೆ ತಡೆಯುವ ಗಾಳಿಯ ಎಳೆತ ಏರುತ್ತದೆ, ಹೋಗಬಹುದಾಗಿದ್ದ ದೂರವೂ ಕೈತಪ್ಪುತ್ತದೆ. ಇನ್ನೂ ಎಳೆದರೆ ಸ್ಟಾಲ್, ಅಂದರೆ ಆ ಕೋನ ಮಿತಿಮೀರಿ ರೆಕ್ಕೆ ತನ್ನ ಎತ್ತುವ ಬಲವನ್ನು ಕಳೆದುಕೊಳ್ಳುತ್ತದೆ. ನೆಲದಿಂದ ನೂರು ಅಡಿ ಎತ್ತರದಲ್ಲಿ ಸ್ಟಾಲ್ ಆದರೆ ಚೇತರಿಸಿಕೊಳ್ಳಲು ಜಾಗವೇ ಇರುವುದಿಲ್ಲ. ನಿಯಂತ್ರಣದಲ್ಲಿರುವ ವಿಮಾನ ಹೊಲದ ಈಚೆಯ ಬೇಲಿಗೆ ತಗುಲುವುದು, ಸ್ಟಾಲ್ ಆಗಿ ಮೂತಿ ಮುಂದಾಗಿ ಬೀಳುವುದಕ್ಕಿಂತ ಎಷ್ಟೋ ಮೇಲು. ಬಲವಾದ ಎದುರುಗಾಳಿ ಇದ್ದಾಗಲಂತೂ ದೂರ ಸಾಗಬೇಕಾದರೆ ಮೂತಿಯನ್ನು ಇನ್ನಷ್ಟು ತಗ್ಗಿಸಿ ಕೆಲವು ನಾಟ್ ಹೆಚ್ಚು ವೇಗದಲ್ಲಿ ಹೋಗಬೇಕು ಎಂಬುದನ್ನು, ಪ್ರತ್ಯಕ್ಷವಾಗಿ ತೋರಿಸುವವರೆಗೆ ಹೆಚ್ಚಿನವರು ನಂಬುವುದೇ ಇಲ್ಲ.

ಹೊಲ ಕೈಗೆಟುಕುತ್ತದೆಯೇ ಎಂಬುದನ್ನು ಮುಂಗಾಜೇ ಹೇಳುತ್ತದೆ. ವೇಗ ಸ್ಥಿರವಾಗಿದ್ದು, ಇಳಿಯಬೇಕೆಂದಿರುವ ಜಾಗ ಗಾಜಿನಲ್ಲಿ ಅಲ್ಲಾಡದೆ ನಿಂತು ದೊಡ್ಡದಾಗುತ್ತಿದ್ದರೆ ನಾವು ಅಲ್ಲಿಗೇ ಹೋಗುತ್ತಿದ್ದೇವೆ. ಅದು ಮೇಲಕ್ಕೆ ಸರಿಯುತ್ತಿದ್ದರೆ ಮುಟ್ಟಲಾರೆವು, ಕೆಳಕ್ಕೆ ಸರಿಯುತ್ತಿದ್ದರೆ ದಾಟಿಹೋಗುತ್ತೇವೆ. ಹೆಚ್ಚಿದ ಎತ್ತರವನ್ನು ಫ್ಲಾಪ್, ಅಂದರೆ ರೆಕ್ಕೆಯ ಹಿಂಬದಿಯ ಮಡಿಕೆಗಳನ್ನು, ಇಳಿಸಿ ಕಳೆಯಬಹುದು. ಕಡಿಮೆಯಾದುದನ್ನು ಎಲ್ಲಿಂದಲೂ ತರಲಾಗದು. ಆದ್ದರಿಂದ ದೂರದ ಚೆಂದದ ಹೊಲಕ್ಕಿಂತ ಹತ್ತಿರದ ಸಾಧಾರಣ ಹೊಲವೇ ಸರಿ.

ದೊಡ್ಡಬಳ್ಳಾಪುರ, ದೇವನಹಳ್ಳಿಯ ಕಡೆ ಮೇಲಿನಿಂದ ಅತ್ಯಂತ ನುಣುಪಾಗಿ, ಹಸಿರು ಹಾಸಿನಂತೆ ಕಾಣುವ ಜಾಗ ದ್ರಾಕ್ಷಿ ತೋಟವಾಗಿರಬಹುದು. ಆ ಎಲೆಗಳ ಕೆಳಗೆ ಸಾಲು ಸಾಲು ಕಲ್ಲುಕಂಬಗಳೂ ಬಿಗಿದ ತಂತಿಗಳೂ ಇರುತ್ತವೆ. ಕೊಯ್ಲಾದ ರಾಗಿ ಹೊಲ ನೋಡಲು ಒರಟಾದರೂ ಎಷ್ಟೋ ವಾಸಿ, ಉಳುಮೆಯ ಸಾಲಿನ ಉದ್ದಕ್ಕೆ ಇಳಿಯಬೇಕಷ್ಟೆ. ವಿದ್ಯುತ್ ತಂತಿ ಮೇಲಿನಿಂದ ಕಾಣುವುದೇ ಇಲ್ಲವೆಂದು ತಿಳಿದು ಕಂಬಗಳನ್ನು ಹುಡುಕಬೇಕು.

ಎಂಜಿನ್ನನ್ನು ಮತ್ತೆ ಚಾಲೂ ಮಾಡುವ ಪ್ರಯತ್ನ, ಅಂದರೆ ಇಂಧನದ ಸೆಲೆಕ್ಟರ್, ಪಂಪ್, ಮಿಕ್ಸ್ಚರ್ (ಇಂಧನ-ಗಾಳಿಯ ಪ್ರಮಾಣ), ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ಇವುಗಳ ಪರಿಶೀಲನೆ, ಹಾಗೆಯೇ ಮೇಡೇ ಎಂಬ ಅಪಾಯದ ಕರೆ, ಇವೆಲ್ಲ ವೇಗ ಮತ್ತು ಹೊಲ ಎರಡೂ ಖಚಿತವಾದ ಮೇಲಿನ ಕೆಲಸ. ನೆಲ ಮುಟ್ಟುವ ಮುನ್ನ ಇಂಧನ ಮತ್ತು ಇಗ್ನಿಷನ್ ಬಂದ್ ಮಾಡಿ, ಬಾಗಿಲಿನ ಚಿಲಕ ತೆಗೆದಿರಬೇಕು. ಫ್ಲಾಪ್ ವಿದ್ಯುತ್ತಿನಿಂದ ಚಲಿಸುವುದರಿಂದ ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಬಂದ್ ಮಾಡುವುದು ಕೊನೆಗೆ.

ಮೇಲೇರಿದ ಕೂಡಲೇ ಎಂಜಿನ್ ನಿಂತರೆ ಇಷ್ಟೆಲ್ಲಕ್ಕೆ ಸಮಯವಿಲ್ಲ. ಹಿಂದಿರುಗಿ ರನ್‌ವೇಗೇ ಬರುವ ಆಸೆ ಆಗ ಬಲವಾಗಿರುತ್ತದೆ. ಆದರೆ 180 ಡಿಗ್ರಿ ತಿರುಗಿದ ವಿಮಾನ ರನ್‌ವೇಯ ಪಕ್ಕಕ್ಕೆ ಸರಿದಿರುತ್ತದೆ, ಅದರ ನೇರಕ್ಕೆ ಬರಲು ಇನ್ನಷ್ಟು ತಿರುಗಬೇಕು, ಇಳಿಯುವಾಗ ಗಾಳಿ ಬೆನ್ನಿಗಿರುತ್ತದೆ. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ ಸುಮಾರು ಐದನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಗಾಬರಿಯಲ್ಲಿ ಯೋಕನ್ನು ಎಳೆದು ತಿರುಗಿಸುವವನ ರೆಕ್ಕೆಯೂ ಅದೇ ಅಂಚಿಗೆ ಬಂದು ನಿಲ್ಲುತ್ತದೆ. ಎಷ್ಟು ಎತ್ತರದ ಕೆಳಗೆ ಹಿಂದಿರುಗುವುದಿಲ್ಲ, ಮುಂದೆ ಎಡಬಲದಲ್ಲಿ ಎಲ್ಲಿ ಇಳಿಯುತ್ತೇನೆ ಎಂಬುದನ್ನು ಎಂಜಿನ್ನಿನ ಬಲ ಹೆಚ್ಚಿಸುವ ಥ್ರಾಟಲ್ಲನ್ನು ಮುಂದಕ್ಕೆ ತಳ್ಳುವ ಮೊದಲೇ ಬಾಯಿಬಿಟ್ಟು ಹೇಳದ ವಿದ್ಯಾರ್ಥಿಗೆ ನಾನು ಟೇಕಾಫ್ ಮಾಡಲು ಬಿಡುವುದಿಲ್ಲ.