ಥೆರಪಿಸ್ಟ್ ಡ್ರಿಫ್ಟ್: ಕಲಿತ ಚಿಕಿತ್ಸೆ ಕೈಜಾರುವ ಬಗೆ

ಥೆರಪಿಸ್ಟ್‌ಗೆ ಚಿಕಿತ್ಸಾ ವಿಧಾನ ಗೊತ್ತಿದೆ, ತರಬೇತಿಯಾಗಿದೆ, ಸಮಯವೂ ಇದೆ. ಆದರೂ ವಿಧಾನದ ಮುಖ್ಯ ಹೆಜ್ಜೆಗಳನ್ನು ಒಂದೊಂದಾಗಿ ಬಿಡುತ್ತಾ ಹೋಗಿ, ಕೊನೆಗೆ ಬರೀ ಮಾತುಕತೆಯಷ್ಟೇ ಉಳಿಯುತ್ತದೆ. ಇದಕ್ಕೆ ಥೆರಪಿಸ್ಟ್ ಡ್ರಿಫ್ಟ್ ಎನ್ನುತ್ತಾರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಗ್ಲೆನ್ ವಾಲರ್ 2009ರಲ್ಲಿ ಬರೆದ ಲೇಖನದ ನಂತರ ಈ ಹೆಸರು ಚೆನ್ನಾಗಿ ಚಾಲ್ತಿಗೆ ಬಂತು. ಎಲ್ಲ ಬಗೆಯ ಮನೋಚಿಕಿತ್ಸೆಯಲ್ಲೂ ಡ್ರಿಫ್ಟ್ ಇದ್ದದ್ದೇ. ಈಟಿಂಗ್ ಡಿಸಾರ್ಡರ್‌ಗಳ, ಅಂದರೆ ಊಟ ಮತ್ತು ತೂಕದ ಸುತ್ತ ಬೆಳೆಯುವ ಮಾನಸಿಕ ಕಾಯಿಲೆಗಳ ಸಿಬಿಟಿಯಲ್ಲಿ (ಅರಿವಿನ ವರ್ತನಾ ಚಿಕಿತ್ಸೆಯಲ್ಲಿ) ಅದು ಮಾಡುವ ಹಾನಿ ದೊಡ್ಡದು. ಹಾಗಾಗಿ ಇಲ್ಲಿ ತರಬೇತಿಯ ನಿಜವಾದ ಕೆಲಸ ವಿಧಾನವನ್ನು ಕಲಿಸುವುದಕ್ಕಿಂತಲೂ ಹೆಚ್ಚಾಗಿ ಕಲಿತದ್ದು ಜಾರದಂತೆ ನೋಡಿಕೊಳ್ಳುವುದು.

ಮೊದಲು ವಿಧಾನದ ಚೌಕಟ್ಟು. ಆಕ್ಸ್‌ಫರ್ಡಿನ ಕ್ರಿಸ್ಟಫರ್ ಫೇರ್‌ಬರ್ನ್ ಮತ್ತು ತಂಡ ಈಟಿಂಗ್ ಡಿಸಾರ್ಡರ್‌ಗಳಿಗೆಂದೇ ರೂಪಿಸಿದ ಸಿಬಿಟಿ-ಇ ಎಂಬ ಸಿಬಿಟಿ ಸಾಮಾನ್ಯವಾಗಿ 20 ವಾರಗಳಲ್ಲಿ ಸುಮಾರು 20 ಸೆಷನ್. ತೂಕ ತೀರಾ ಕಡಿಮೆಯಿದ್ದವರಿಗೆ 40 ವಾರಗಳವರೆಗೂ ಹೋಗುತ್ತದೆ. ಬುಲಿಮಿಯಾ (ಅತಿಯಾಗಿ ತಿಂದು ವಾಂತಿ ಮುಂತಾದವುಗಳಿಂದ ಸರಿದೂಗಿಸುವುದು), ಅನೊರೆಕ್ಸಿಯಾ (ಊಟ ಬಿಟ್ಟು ತೂಕ ತೀರಾ ಇಳಿಸಿಕೊಳ್ಳುವುದು), ಬಿಂಜ್ ಈಟಿಂಗ್ (ಹತೋಟಿಯಿಲ್ಲದೆ ಅತಿಯಾಗಿ ತಿನ್ನುವುದು) ಎಂದು ರೋಗದ ಹೆಸರು ಬೇರೆಯಾದರೂ ಒಳಗಿನ ಸುಳಿ ಬಹುಮಟ್ಟಿಗೆ ಒಂದೇ ಎಂಬುದು ಇದರ ತಿರುಳು. ತನ್ನ ಬೆಲೆಯನ್ನು ತೂಕ ಮತ್ತು ದೇಹದ ಆಕಾರದಿಂದಲೇ ಅಳೆಯುವುದು, ಅದರಿಂದ ಕಟ್ಟುನಿಟ್ಟಿನ ಊಟದ ನಿಯಮಗಳು, ನಿಯಮ ಮುರಿದಾಗ ಹತೋಟಿ ತಪ್ಪಿದ ತಿನ್ನುವಿಕೆ (ಬಿಂಜ್), ಅದನ್ನು ಸರಿದೂಗಿಸಲು ವಾಂತಿ ಅಥವಾ ಉಪವಾಸ, ಮತ್ತೆ ಇನ್ನಷ್ಟು ಬಿಗಿ ನಿಯಮ. ಮೊದಲ ಸೆಷನ್‌ಗಳಲ್ಲೇ ಈ ಸುಳಿಯನ್ನು ರೋಗಿಯ ಜೊತೆ ಕೂತು, ಅವರದೇ ಮಾತುಗಳಲ್ಲಿ ಹಾಳೆಯ ಮೇಲೆ ಬರೆಯಬೇಕು.

ಮೊದಲ ನಾಲ್ಕು ವಾರ ವಾರಕ್ಕೆ ಎರಡು ಸೆಷನ್. ಆಗ ಮೂರು ಕೆಲಸ ನೆಲೆಯೂರಬೇಕು: ತಿಂದದ್ದನ್ನು ಆಗಿಂದಾಗಲೇ ಬರೆದಿಡುವುದು, ವಾರಕ್ಕೊಮ್ಮೆ ಸೆಷನ್‌ನಲ್ಲೇ ತೂಕ ನೋಡುವುದು, ದಿನಕ್ಕೆ ಮೂರು ಊಟ ಮತ್ತು ಎರಡು ಮೂರು ಲಘು ಆಹಾರದ ಕ್ರಮ. ಎಚ್ಚರವಿರುವ ಹೊತ್ತಿನಲ್ಲಿ ಒಮ್ಮೆ ತಿಂದದ್ದಕ್ಕೂ ಮತ್ತೆ ತಿನ್ನುವುದಕ್ಕೂ ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು. ಆರಂಭದ ಈ ವಾರಗಳಲ್ಲಿ ಎಷ್ಟು ಬದಲಾವಣೆ ಬಂತು ಎಂಬುದೇ ಕೊನೆಯ ಫಲಿತಾಂಶದ ಒಳ್ಳೆಯ ಮುನ್ಸೂಚನೆ. ಡ್ರಿಫ್ಟ್ ಹೆಚ್ಚಾಗಿ ಶುರುವಾಗುವುದೂ ಇಲ್ಲೇ.

ತೂಕ ನೋಡುವುದನ್ನೇ ತೆಗೆದುಕೊಳ್ಳಿ. ರೋಗಿ ತಕ್ಕಡಿ ಹತ್ತುತ್ತಾರೆ, ಸಂಖ್ಯೆಯನ್ನು ಇಬ್ಬರೂ ನೋಡುತ್ತಾರೆ, ಗ್ರಾಫಿನಲ್ಲಿ ಚುಕ್ಕೆ ಇಡುತ್ತಾರೆ. ದೇಹದಲ್ಲಿನ ನೀರಿನ ಏರಿಳಿತದಿಂದಲೇ ತೂಕ ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದು ಚುಕ್ಕೆಗೆ ಅರ್ಥವಿಲ್ಲ. ಕಳೆದ ನಾಲ್ಕು ವಾರಗಳ ಓಟವನ್ನು ಓದಬೇಕು. ಮನೆಯಲ್ಲಿ ತೂಕ ನೋಡಿಕೊಳ್ಳುವ ಅಭ್ಯಾಸ ನಿಲ್ಲಿಸಬೇಕು. ‘ಹೀಗೆ ತಿಂದರೆ ತೂಕ ಒಂದೇ ಸಮ ಏರುತ್ತಲೇ ಹೋಗುತ್ತದೆ’ ಎಂಬ ಭಯ ನಿಜವೋ ಸುಳ್ಳೋ ಎಂದು ವಾರವಾರವೂ ಪರೀಕ್ಷೆಗೆ ಒಳಗಾಗುವುದು ಈ ಗ್ರಾಫಿನಲ್ಲಿ. ಇದನ್ನು ಕಲಿತ ಥೆರಪಿಸ್ಟೇ ಒಂದು ವಾರ ರೋಗಿ ಕಣ್ಣೀರು ಹಾಕಿದರೆ ‘ಇವತ್ತು ಬೇಡ ಬಿಡಿ’ ಎನ್ನುತ್ತಾರೆ. ಅದು ಕರುಣೆಯಂತೆ ಕಾಣುತ್ತದೆ. ರೋಗಿಗೆ ತಲುಪುವ ಸಂದೇಶ ಮಾತ್ರ ಬೇರೆ: ತಕ್ಕಡಿ ನಿಜಕ್ಕೂ ಅಪಾಯಕಾರಿ, ಥೆರಪಿಸ್ಟೂ ಅದಕ್ಕೆ ಹೆದರುತ್ತಾರೆ. ಮುಂದಿನ ವಾರ ತಕ್ಕಡಿ ಹತ್ತುವುದು ಇನ್ನೂ ಕಷ್ಟ.

ಉಳಿದ ಜಾರುವಿಕೆಗಳೂ ಇದೇ ಜಾಡಿನವು. ರೋಗಿ ತಿಂದದ್ದನ್ನು ಬರೆಯದೆ ಬಂದರೆ ‘ಪರವಾಗಿಲ್ಲ, ನೆನಪಿದ್ದಷ್ಟು ಹೇಳಿ’ ಎಂದು ಮುಂದೆ ಹೋಗುವುದು. ರಾತ್ರಿ ಕೂತು ಒಟ್ಟಿಗೆ ಬರೆದ ಹಾಳೆಯನ್ನು ಒಪ್ಪಿಕೊಳ್ಳುವುದು. ಬಿಂಜ್‌ನ ಹಿಂದಿನ ಕ್ಷಣದಲ್ಲಿ ಏನಾಗುತ್ತಿತ್ತು ಎಂಬುದು ಅಂಥ ಹಾಳೆಯಲ್ಲಿ ಉಳಿದಿರುವುದಿಲ್ಲ. ಊಟದ ಹೊತ್ತು ಹದಕ್ಕೆ ಬರುವ ಮುನ್ನವೇ ಬಾಲ್ಯಕ್ಕೋ ಕುಟುಂಬದ ಕಲಹಕ್ಕೋ ಹೊರಳುವುದು. ಮಾತು ಆಳವಾಗಿದೆ ಅನ್ನಿಸುತ್ತದೆ, ಆದರೆ ಹೊಟ್ಟೆ ಖಾಲಿಯಿರುವವರೆಗೂ ಬಿಂಜ್ ನಿಲ್ಲುವುದಿಲ್ಲ. ಇವೆಲ್ಲದರ ಬೇರು ಸೋಮಾರಿತನವಲ್ಲ, ಥೆರಪಿಸ್ಟ್‌ನ ಆತಂಕ: ರೋಗಿಗೆ ನೋವಾಗುತ್ತದೆ, ಚಿಕಿತ್ಸೆ ಬಿಟ್ಟು ಹೋಗುತ್ತಾರೆ, ತಮ್ಮ ಮೇಲಿನ ನಂಬಿಕೆ ಹೋಗುತ್ತದೆ ಎಂಬ ಭಯ.

ಆದ್ದರಿಂದಲೇ ಎರಡು ದಿನದ ಕಾರ್ಯಾಗಾರ ಸಾಲದು. ಅದರಿಂದ ತಿಳುವಳಿಕೆ ಬರುತ್ತದೆ, ಕೈಗೆ ಬರುವುದಿಲ್ಲ. ಒಳ್ಳೆಯ ತರಬೇತಿಯಲ್ಲಿ ರೋಲ್ ಪ್ಲೇ ಮುಖ್ಯ, ಅದೂ ಸುಲಭದ ರೋಗಿಯ ಪಾತ್ರದೊಂದಿಗಲ್ಲ. ತಕ್ಕಡಿ ಹತ್ತಲು ಒಪ್ಪದವರು, ಹಾಳೆ ಮರೆತು ಬಂದವರು, ಎಲ್ಲದಕ್ಕೂ ತಲೆಯಾಡಿಸಿ ಏನೂ ಬದಲಿಸದವರು ಎದುರಿಗಿರಬೇಕು. ಕಲಿಯುವವರು ಆ ಕ್ಷಣದಲ್ಲಿ ಹೇಳಬೇಕಾದ ಮಾತನ್ನು ಬಾಯಿಬಿಟ್ಟು ಹೇಳಿಯೇ ಅಭ್ಯಾಸ ಮಾಡಬೇಕು: ‘ಇದು ನಿಮಗೆ ಕಷ್ಟ ಅಂತ ಗೊತ್ತು, ಅದಕ್ಕೇ ಜೊತೆಗೆ ನೋಡೋಣ.’ ಹಾಗೆಯೇ ದೈಹಿಕ ಅಪಾಯದ ಗುರುತುಗಳೂ ಬಾಯಿಪಾಠವಾಗಿರಬೇಕು. ಪದೇ ಪದೇ ವಾಂತಿ ಮಾಡುವವರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ತಲೆಸುತ್ತಿ ಬೀಳುವುದು, ತೂಕ ವೇಗವಾಗಿ ಇಳಿಯುವುದು ಕಂಡರೆ ಮೊದಲು ವೈದ್ಯರು, ಆಮೇಲೆ ಸಿಬಿಟಿ.

ಆ ಬಳಿಕದ್ದು ಸೂಪರ್‌ವಿಷನ್, ಅಂದರೆ ಥೆರಪಿಸ್ಟ್‌ನ ಕೆಲಸವನ್ನು ಅನುಭವಿಯೊಬ್ಬರು ನಿಯಮಿತವಾಗಿ ಪರಿಶೀಲಿಸುವುದು. ‘ಸೆಷನ್ ಹೇಗಾಯ್ತು?’ ಎಂದು ಕೇಳಿದರೆ ‘ಚೆನ್ನಾಗಾಯ್ತು’ ಎಂಬ ಉತ್ತರ ಬರುತ್ತದೆ, ಡ್ರಿಫ್ಟ್ ಅದರಡಿಯಲ್ಲೇ ಅಡಗಿ ಕೂರುತ್ತದೆ. ಬಿಟ್ಟದ್ದು ಥೆರಪಿಸ್ಟ್‌ಗೇ ಕಾಣದಿರುವುದರಿಂದ ನೆನಪಿನ ವರದಿ ಇಲ್ಲಿ ಆಗುವುದಿಲ್ಲ. ರೋಗಿಯ ಒಪ್ಪಿಗೆ ಪಡೆದು ಮಾಡಿದ ರೆಕಾರ್ಡಿಂಗ್ ಬೇಕು, ತೂಕದ ಗ್ರಾಫ್ ಮೇಜಿನ ಮೇಲಿರಬೇಕು, ಈ ವಾರದ ಬಿಂಜ್ ಮತ್ತು ವಾಂತಿಯ ಲೆಕ್ಕ ಎದುರಿಗಿರಬೇಕು. ಗ್ರಾಫಿನಲ್ಲಿ ಒಂದು ಚುಕ್ಕೆ ಕಾಣದಿದ್ದರೆ ಸೂಪರ್‌ವೈಸರ್ ಆ ಸೆಷನ್ನಿನ ರೆಕಾರ್ಡಿಂಗನ್ನೇ ಹಾಕಿಸಿ, ತೂಕದ ಮಾತು ಎಲ್ಲಿ ಬದಿಗೆ ಸರಿಯಿತು ಎಂಬುದನ್ನು ಥೆರಪಿಸ್ಟ್ ಜೊತೆಗೇ ಕೂತು ಕೇಳುತ್ತಾರೆ.