ಯಿಡ್ಡಿಶ್ ರಂಗಭೂಮಿಯ ಗಲ್ಲಾಪೆಟ್ಟಿಗೆ

ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಶ್‌ನ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ನಾಟಕಕಾರರಿಗೂ ನಟರಿಗೂ ಮೊದಲ ಮಣೆ ಹಾಕುತ್ತಾರೆ. ನಾಟಕ ತಂಡಗಳ ಆಡಳಿತವನ್ನೇ ವೃತ್ತಿಯಾಗಿಸಿಕೊಂಡ ನನಗೆ ಅದರ ಗಲ್ಲಾಪೆಟ್ಟಿಗೆಯ ವ್ಯವಹಾರವೂ ಅಷ್ಟೇ ಮುಖ್ಯವೆನಿಸುತ್ತದೆ.

ಅಬ್ರಹಾಂ ಗೋಲ್ಡ್‌ಫಾಡೆನ್ 1876ರಲ್ಲಿ ರೊಮೇನಿಯಾದಲ್ಲಿ ಆರಂಭಿಸಿದ ಈ ವೃತ್ತಿ ರಂಗಭೂಮಿಯನ್ನು ರಷ್ಯಾ 1883ರಲ್ಲಿ ತನ್ನ ನೆಲದಲ್ಲಿ ನಿಷೇಧಿಸಿದಾಗ, ಅನೇಕ ನಟರು ಲಂಡನ್ನಿಗೂ ನ್ಯೂಯಾರ್ಕಿಗೂ ವಲಸೆ ಹೋದರು. ನ್ಯೂಯಾರ್ಕಿನ ಪ್ರೇಕ್ಷಕರಲ್ಲಿ ಬಹುಪಾಲು ಜನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರು. ಅಂಥವರನ್ನು ನಂಬಿ ವಾರದ ಏಳು ದಿನವೂ ದೊಡ್ಡ ರಂಗಮಂದಿರವನ್ನು ತುಂಬಿಸುವುದು ಹೇಗೆ?

ಶುಕ್ರವಾರ ಸಂಜೆಯಿಂದ ಭಾನುವಾರದವರೆಗಿನ ಪ್ರದರ್ಶನಗಳಿಗೆ ಜನ ತಾವಾಗಿಯೇ ಬರುತ್ತಿದ್ದರು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಯಹೂದಿಗಳ ಪವಿತ್ರ ದಿನವಾದ ಸಬ್ಬತ್ತಿನ ವಿಶ್ರಾಂತಿಯ ನಿಯಮವೂ ಅವರನ್ನು ತಡೆಯಲಿಲ್ಲ. ಸೋಮವಾರದಿಂದ ಗುರುವಾರದವರೆಗಿನ ಆಟಗಳನ್ನು ಮಾತ್ರ ಕಾರ್ಮಿಕ ಸಂಘಗಳು, ಯುರೋಪಿನ ಒಂದೇ ಊರಿನಿಂದ ಬಂದವರು ಕಟ್ಟಿಕೊಂಡ ಪರಸ್ಪರ ಸಹಾಯ ಸಂಘಗಳು ಇಡಿಯಾಗಿ ರಿಯಾಯಿತಿ ದರದಲ್ಲಿ ಕೊಂಡು, ಟಿಕೆಟ್‌ಗಳನ್ನು ತಮ್ಮ ಸದಸ್ಯರಿಗೆ ಮಾರಿ, ಉಳಿದ ಹಣವನ್ನು ಮುಷ್ಕರ ನಿಧಿಗೋ ಕಾಯಿಲೆ ಬಿದ್ದವರ ನೆರವಿಗೋ ಬಳಸುತ್ತಿದ್ದವು. ನಮ್ಮಲ್ಲಿಯ ಸಹಾಯಾರ್ಥ ಪ್ರದರ್ಶನವು ಎಂದೋ ಒಮ್ಮೆ ನಡೆಯುವಂಥದ್ದು; ಅಲ್ಲಿ ಅದು ವಾರದ ಆದಾಯದ ಆಧಾರವೇ ಆಗಿತ್ತು.

ಗಂಭೀರ ನಾಟಕಕ್ಕೆ ನೆಲೆ ದೊರೆತದ್ದರಲ್ಲಿ ಈ ಏರ್ಪಾಟಿನ ಪಾಲೂ ಇದೆಯೆಂದು ನಾನು ಭಾವಿಸುತ್ತೇನೆ. 1891ರಲ್ಲಿ ನ್ಯೂಯಾರ್ಕಿಗೆ ಬಂದ ನಾಟಕಕಾರ ಜೇಕಬ್ ಗೋರ್ಡಿನ್, ನಟರು ಮನಸ್ಸಿಗೆ ಬಂದಂತೆ ಮಾತು ಸೇರಿಸುವುದನ್ನು ವಿರೋಧಿಸಿ, ಬರೆದದ್ದನ್ನೇ ಆಡಬೇಕೆಂದು ಪಟ್ಟುಹಿಡಿದವರು. ಮರುವರ್ಷ ಅವರು ನಟ ಜೇಕಬ್ ಆಡ್ಲರ್‌ಗಾಗಿ ಬರೆದ 'ಯಹೂದಿ ಕಿಂಗ್ ಲಿಯರ್'ನಲ್ಲಿ ಷೇಕ್ಸ್‌ಪಿಯರನ ರಾಜನ ಬದಲು ಒಬ್ಬ ಶ್ರೀಮಂತ ವರ್ತಕನಿದ್ದಾನೆ. ಪುರಿಮ್ ಹಬ್ಬದ ಊಟದ ವೇಳೆ ಆತ ಮೂವರು ಹೆಣ್ಣುಮಕ್ಕಳಿಗೆ ಆಸ್ತಿ ಹಂಚಿ ಜೆರುಸಲೇಮಿಗೆ ಹೊರಡಲು ಸಿದ್ಧನಾಗುತ್ತಾನೆ. ತಂದೆತಾಯಿಯರನ್ನು ಹಿಂದೆ ಬಿಟ್ಟು ಸಾಗರ ದಾಟಿ ಬಂದಿದ್ದವರಿಗೆ, ಆಸ್ತಿ ಪಡೆದ ಮಕ್ಕಳಿಂದಲೇ ಕಡೆಗಣನೆಗೊಳಗಾಗುವ ಆ ಮುದುಕನ ಅವಸ್ಥೆ ಪರಕೀಯವೆನಿಸಲಿಲ್ಲ. ಇಂಥ ನಾಟಕಕ್ಕೂ ವಾರದ ನಡುವೆ ಮುಂಗಡ ಹಣ ಕೊಟ್ಟ ಪ್ರೇಕ್ಷಕರು ಸಿಕ್ಕುತ್ತಿದ್ದುದು ಸಣ್ಣ ಮಾತಲ್ಲ.

ಆದರೆ ಸಂಘಗಳನ್ನು ನೆಚ್ಚಿದ ವ್ಯವಹಾರಕ್ಕೆ ಹೊಸ ವಲಸಿಗರು ಬರುತ್ತಲೇ ಇರಬೇಕಾಗಿತ್ತು. ಅಮೆರಿಕ 1924ರಲ್ಲಿ ಪೂರ್ವ ಯುರೋಪಿನ ವಲಸೆಯನ್ನು ತೀವ್ರವಾಗಿ ಕಡಿತಗೊಳಿಸಿತು. ಹಳಬರ ಮಕ್ಕಳು ಇಂಗ್ಲಿಷ್ ನಾಟಕ, ಸಿನಿಮಾಗಳತ್ತ ಹೊರಳಿದರು. ನಟ ಮಾರಿಸ್ ಶ್ವಾರ್ಟ್ಸ್ 1918ರಲ್ಲಿ ಆರಂಭಿಸಿದ ಯಿಡ್ಡಿಶ್ ಆರ್ಟ್ ಥಿಯೇಟರ್ ತಂಡಕ್ಕೆಂದೇ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದಲ್ಲಿ ಭವ್ಯ ಕಟ್ಟಡ ತೆರೆದದ್ದು 1926ರಲ್ಲಿ, ಅಂದರೆ ಆ ಕಾನೂನು ಬಂದ ಎರಡು ವರ್ಷಗಳ ನಂತರ.